ಅಕ್ಷರವೋ, ಅಕ್ಷರದ ಚಿತ್ರವೋ?

ನಮ್ಮ ಹಿರಿಯರ ಕಾಲದಲ್ಲಿ ಓದೆಂಬುದು ಕಣ್ಣಿಗಿಂತ ಹೆಚ್ಚಾಗಿ ಕಿವಿಯ ಕೆಲಸವಾಗಿದ್ದಿತು. ಗುಡಿಯ ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ವಾಚಿಸುವರು. ಊರಿನವರು ಸುತ್ತ ಕುಳಿತು ಕೇಳುವರು. ಹಾಗೆ ಕೇಳಿದವರನ್ನು ಭಾರತ ಬಲ್ಲವರೆಂದೇ ಜನ ಗಣಿಸುತ್ತಿದ್ದರು. ನಮ್ಮ ಚಾಮರಾಜನಗರದ ಸೀಮೆಯಲ್ಲಂತೂ ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರೂ ಮಾದಪ್ಪನ ಕಾವ್ಯವನ್ನು ದೇವರಗುಡ್ಡರೂ ತಲೆತಲಾಂತರದಿಂದ ಕಂಠದಲ್ಲಿಯೇ ಉಳಿಸಿಕೊಂಡು ಬಂದಿದ್ದಾರೆ. ಕಿವಿಯಿಂದ ಬಂದ ವಿದ್ಯೆ ಕಣ್ಣಿನಿಂದ ಬಂದುದಕ್ಕಿಂತ ಕಡಮೆಯದೆಂದು ಈ ನೆಲದಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ.

ಆದರೆ ಕಾವ್ಯವನ್ನು ಹತ್ತು ಜನರ ನಡುವೆ ಕುಳಿತು ಕೇಳಬಹುದು. ತನಗೆ ಬಂದ ಕಾಗದವನ್ನು ಹಾಗೆ ಕೇಳಲಾಗದು. ಅಕ್ಷರ ಬಾರದ ಮನೆಗಳಿಗೆ ಅಂಚೆಯವನೇ ಪತ್ರವನ್ನು ಒಡೆದು ಓದಿ ಹೇಳುತ್ತಿದ್ದ ಕಾಲವೊಂದಿತ್ತು. ಒಂದೊಂದು ಮನೆಯ ಸಾವುನೋವು, ಸಾಲಸೋಲಗಳೆಲ್ಲ ಮನೆಯವರಿಗಿಂತ ಅರೆನಿಮಿಷ ಮೊದಲು ಅವನಿಗೆ ತಿಳಿಯುತ್ತಿದ್ದವು. ಅವನು ಒಳ್ಳೆಯವನಾಗಿದ್ದರೆ ಗುಟ್ಟು ಅವನಲ್ಲಿಯೇ ಉಳಿಯುತ್ತಿತ್ತು, ಇಲ್ಲವಾದರೆ ಇಲ್ಲ. ಸಾಕ್ಷರತೆ ಬಂದ ಮೇಲೆ ಆ ಪರಾಧೀನತೆ ನೀಗಿತೆಂದು ನಾವು ಭಾವಿಸಿದ್ದೇವೆ. ಎಲ್ಲರಿಗೂ ನೀಗಿಲ್ಲ.

ಬಿ.ಎ. ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಒಬ್ಬಾಕೆ ಹುಟ್ಟಿನಿಂದಲೇ ದೃಷ್ಟಿಯಿಲ್ಲದವಳು. ಈಗ ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರ ಸೊಸೆ. ಮದುವೆಯಾಗಿ ಕೆಲವು ವರ್ಷ ಕಳೆದ ಬಳಿಕ, ಮೈಯಲ್ಲಿ ಏನೋ ವ್ಯತ್ಯಾಸವೆನಿಸಿ, ಪೇಟೆಯ ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆ ಮಾಡಿಸಿದಳು. ವರದಿ ಮೊಬೈಲಿಗೇ ಬರುವುದೆಂದು ಹೇಳಿ ಕಳುಹಿಸಿದರು. ಬಂದಿತು. ಆಕೆಯ ಮೊಬೈಲು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಬಲ್ಲುದು. ಆದರೆ ಈ ವರದಿಯನ್ನು ಮುಟ್ಟಿದಾಗ ‘ಚಿತ್ರ’ ಎಂದಷ್ಟೇ ನುಡಿದು ಸುಮ್ಮನಾಯಿತು. ಕಾಗದದ ಫೋಟೋ ತೆಗೆದು ಕಳುಹಿಸಿದ್ದರು. ಕೊನೆಗೆ ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯ ಹುಡುಗ ಓದಿ ಹೇಳಿದ. ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಆಕೆ ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಸುದ್ದಿ ಯಾರದೋ ಬೈಕಿನ ಮೇಲೆ ಕುಳಿತು ಅತ್ತೆಯ ಮನೆಯನ್ನು ಮೊದಲೇ ತಲಪಿದ್ದಿತು.

“ಸುದ್ದಿ ಒಳ್ಳೇದೇ ಸಾರ್, ಎಲ್ರಿಗೂ ಸಂತೋಷವೇ. ಆದ್ರ ನಮ್ಮನೇವ್ರಿಗ ನಾನು ಹೇಳ್ಬೇಕಿತ್ತಲ್ವ?” ಎಂದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದು ಬಸಿರಿನ ಸುದ್ದಿಯಾದುದರಿಂದ ಆಕೆ ನಗುತ್ತ ಹೇಳಿದಳು. ಕ್ಷಯವೆಂದೋ, ಗರ್ಭ ನಿಲ್ಲಲಿಲ್ಲವೆಂದೋ, ಹೊರಗೆ ಹೇಳಿಕೊಳ್ಳಲಾಗದ ಮತ್ತಾವುದೋ ವ್ಯಾಧಿಯೆಂದೋ ಇದ್ದಿದ್ದರೆ? ವೈದ್ಯನಿಗೂ ರೋಗಿಗೂ ನಡುವೆ ಮೂರನೆಯವರಿರಬಾರದೆಂಬುದು ವೈದ್ಯವೃತ್ತಿಯ ಹಳೆಯ ಧರ್ಮ. ಜಾಲತಾಣಗಳೂ ಆಪ್‌ಗಳೂ ಬಂದ ಮೇಲೆ ಅಂಧರ ಪಾಲಿಗೆ ಆ ಮೂರನೆಯವನು ಹೋಗಬೇಕಾಗಿದ್ದಿತು. ಅನೇಕ ಕಡೆ ಅವನೇ ಅನಿವಾರ್ಯನಾಗಿದ್ದಾನೆ.

ಈ ಓದುವ ಯಂತ್ರದ ಮರ್ಮವನ್ನು ಸ್ವಲ್ಪ ಹೇಳಬೇಕು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ಎಂಬುದೊಂದು ಸೌಕರ್ಯವಿದೆ. ಗಣಕಕ್ಕೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಇದನ್ನು 2006ರಲ್ಲಿ ಆರಂಭಿಸಿದವನು ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ, ತಾನೂ ಅಂಧನಾದ ತರುಣ. ಇವನ್ನು ನಾನು ನಮ್ಮ ಕಾಲದ ಗಮಕಿಗಳೆಂದು ಕರೆಯುತ್ತೇನೆ. ರಾಗಭಾವಗಳಿಲ್ಲ, ನಿಜ, ಆದರೆ ಎದುರಿಗಿದ್ದುದನ್ನು ಬಿಡದೆ ಓದುವ ನಿಷ್ಠೆಯುಂಟು. ಆ ಗಮಕಿಯ ಮುಂದೆ ಇಡುವ ಓಲೆ ಮಾತ್ರ ನಿಜವಾದ ಓಲೆಯಾಗಿರಬೇಕು. ಗುಂಡಿಗೆ ಹೆಸರಿಡದೆ ಬರಿಯ ಚಿತ್ರವನ್ನಿಟ್ಟರೆ ಅದು ‘ಬಟನ್, ಬಟನ್, ಬಟನ್’ ಎಂದು ಜಪಿಸುತ್ತದೆ. ಅವುಗಳಲ್ಲಿ ವೈದ್ಯರ ಭೇಟಿಗೆ ಸಮಯ ಗೊತ್ತುಮಾಡುವುದಾವುದು, ಗೊತ್ತುಮಾಡಿದ್ದನ್ನು ರದ್ದುಗೊಳಿಸುವುದಾವುದು? ಒತ್ತಿ ನೋಡಿಯೇ ತಿಳಿಯಬೇಕು.

ಕನ್ನಡಕ್ಕೆ ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದುಂಟು. ವೃತ್ತಿಯಿಂದ ಅಕ್ಷರದವನಾದ ನನಗೆ ಇದು ಹೆಚ್ಚು ಚುಚ್ಚುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆಯಿತು. ಆದರೆ ನಮ್ಮ ಕಚೇರಿಗಳು ಬಹುಕಾಲ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿಯೇ ಬೆರಳಚ್ಚು ಮಾಡಿದವು. ಅವು ಕನ್ನಡವನ್ನು ಗಣಕಕ್ಕೆ ತಂದ ಉಪಕಾರವನ್ನು ನಾನು ಮರೆಯೆನು. ಆದರೂ ನೋಡಿ: ಅಂಥ ಫಾಂಟಿನಲ್ಲಿ ‘ಕನ್ನಡ’ ಎಂದು ಕಣ್ಣಿಗೆ ಕಾಣುವ ಪದದ ಒಡಲಲ್ಲಿ ಇರುವುದು ಕನ್ನಡವಲ್ಲ. ಇಂಗ್ಲಿಷಿನ ಪಿ ಒಂದು, ಕ್ಯೂ ಒಂದು, ನಡುವೆ ಇಂಗ್ಲೆಂಡಿನ ಪೌಂಡಿನ ಗುರುತು, ತಲೆಕಟ್ಟಿಗೆಂದು ಪರದೇಶದ ಇನ್ನಾವುದೋ ಅಕ್ಷರ. ಫಾಂಟಿನ ವೇಷ ಹಾಕಿಕೊಂಡು ಅವು ಕನ್ನಡದಂತೆ ಕುಣಿಯುತ್ತವೆ. ಕಣ್ಣಿದ್ದವರು ವೇಷವನ್ನು ನೋಡಿ ತಣಿಯುತ್ತೇವೆ. ಯಂತ್ರದ ಗಮಕಿಗೆ ವೇಷ ಕಾಣದು. ಅದು ಒಳಗಿರುವುದನ್ನೇ ಓದುತ್ತದೆ. ಹಾಗೆ ಬೆರಳಚ್ಚಾಗಿ ಪಿಡಿಎಫ್ ಆದ ಸುತ್ತೋಲೆಯನ್ನು ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಆ ಸುತ್ತೋಲೆ ಅಂಗವಿಕಲರ ಆರೋಗ್ಯ ತಪಾಸಣಾ ಶಿಬಿರದ್ದು.

(ಪದದ ವಿಚಾರ ಬಂದುದರಿಂದ ಒಂದು ಮಾತು. ‘ವಿಕಲಚೇತನ’ ಎಂಬ ಶಬ್ದವನ್ನು ನಮ್ಮ ಸರ್ಕಾರ ಗೌರವದಿಂದಲೇ ಬಳಸುತ್ತಿದೆ. ಆದರೆ ಬಿಡಿಸಿ ನೋಡಿದರೆ ಅದು ವೈಕಲ್ಯವನ್ನು ಅಂಗದಿಂದ ಎತ್ತಿ ಚೇತನಕ್ಕೇ ಅಂಟಿಸುತ್ತದೆ. ‘ಅಂಗವಿಕಲ’ವೇ ಪ್ರಾಮಾಣಿಕವಾದ ಮಾತೆಂದು ನನ್ನ ಮತ. ಇರಲಿ.)

ಈಗಿನ ಮೊಬೈಲುಗಳು ಚಿತ್ರದೊಳಗಿನ ಅಕ್ಷರವನ್ನೂ ಊಹಿಸಿ ಓದಬಲ್ಲವಲ್ಲ, ಇನ್ನೇಕೆ ಈ ಗೋಳು ಎಂದು ತಿಳಿದವರು ಕೇಳಬಹುದು. ಊಹಿಸುತ್ತವೆ. ಕಥೆಯನ್ನು ಊಹಿಸಿ ಓದಿದರೆ ನಷ್ಟವಿಲ್ಲ. ರಕ್ತದ ವರದಿಯಲ್ಲಿ ದಶಮಾಂಶದ ಬಿಂದುವೊಂದು ಊಹೆಗೆ ಸಿಕ್ಕದೆ ಜಾರಿದರೆ 6.5 ಎಂಬುದು 65 ಆಗುತ್ತದೆ.

2021ರಲ್ಲಿ ಕೋವಿಡ್ ಲಸಿಕೆಗೆ ಕೋವಿನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಾಗಿ ಬಂದಾಗ ಈ ಸಂಗತಿ ದೇಶದ ಮುಂದೆ ಬಂದಿತು. ಆ ವರ್ಷದ ಮೇ 31ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಕುಂದುಗಳನ್ನು ಒಂದೊಂದಾಗಿ ಎತ್ತಿ ತೋರಿಸಿತು. ಸೊಟ್ಟ ಅಕ್ಷರಗಳ ಕ್ಯಾಪ್ಚಾಕ್ಕೆ ಧ್ವನಿಯ ಪರ್ಯಾಯವಿಲ್ಲ, ವಯಸ್ಸು, ಲಸಿಕೆಯ ಹೆಸರು ಮುಂತಾದ ಏಳು ಜರಡಿಗಳು ಅಂಧರಿಗೆ ಒದಗುವಂತಿಲ್ಲ, ಕೀಲಿಮಣೆಯಿಂದ ಸಂಚರಿಸಲಾಗದು, ನಿಧಾನವಾದವರನ್ನು ಜಾಲತಾಣವೇ ಹೊರದೂಡುತ್ತದೆ. ಕ್ಯಾಪ್ಚಾದ ಉದ್ದೇಶವನ್ನು ನೆನೆದರೆ ನಗು ಬರುತ್ತದೆ, ಸಂಕಟವೂ ಆಗುತ್ತದೆ: ನೀನು ಯಂತ್ರವಲ್ಲ, ಮನುಷ್ಯನೆಂದು ಸಾಧಿಸೆನ್ನುವ ಪರೀಕ್ಷೆ ಅದು. ಅಂಧನು ಆ ಪರೀಕ್ಷೆಯಲ್ಲಿ ಮನುಷ್ಯನಲ್ಲವೆಂದು ನಪಾಸಾಗುತ್ತಾನೆ. ಆ ಮೇ ತಿಂಗಳನ್ನು ಚಾಮರಾಜನಗರದವರು ಮರೆಯಲಾರರು. ಆಗ ಲಸಿಕೆಗೆ ತಡವಾಗುವುದೆಂದರೇನೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಕಾನೂನು ಇಲ್ಲದೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲಿನಿಂದ ಜಾರಿಯಲ್ಲಿದೆ. ಸರ್ಕಾರದ ಕಚೇರಿಗಳಷ್ಟೇ ಅಲ್ಲದೆ, ಖಾಸಗಿಯಾಗಿ ಸೇವೆ ಒದಗಿಸುವವರೂ ತಮ್ಮ ಸೇವೆಯನ್ನು ಎಲ್ಲರಿಗೂ ಎಟುಕುವಂತೆ ಮಾಡಬೇಕೆಂದು ಅದು ಹೇಳುತ್ತದೆ. ಆದರೆ ಅದರಡಿಯ ನಿಯಮಗಳು ಬೊಟ್ಟುಮಾಡಿದ ಮಾರ್ಗಸೂಚಿಗಳು ಬರಿಯ ಸಲಹೆಯ ಧಾಟಿಯವು. ಹೀಗಾದರೆ ಕಾಯಿದೆಯ ‘ಮಾಡತಕ್ಕದ್ದು’ ನಿಯಮದಲ್ಲಿ ‘ಮಾಡಬಹುದು’ ಆಯಿತೆಂದೇ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ಆ ನಿಯಮವನ್ನು ಅಸಿಂಧುಗೊಳಿಸಿ, ಮೂರು ತಿಂಗಳೊಳಗೆ ಕಡ್ಡಾಯದ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. 2025ರ ಏಪ್ರಿಲ್ 30ರಂದು, ಆ್ಯಸಿಡ್ ದಾಳಿಗೆ ಗುರಿಯಾದ ಪ್ರಜ್ಞಾ ಪ್ರಸೂನ್ ಅವರ ಅರ್ಜಿಯನ್ನು ತೀರ್ಮಾನಿಸುತ್ತ, ಈ ಬಗೆಯ ಸಂಪರ್ಕವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದೇ ಸಾರಿತು. ಇತ್ತ, 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನೂ ಜಾಲತಾಣದ ಮೂಲಕವೇ ಕೊಡಬೇಕೆಂಬುದು ಕಡ್ಡಾಯವಾಗಿದೆ. ಎಂದರೆ, ತಾನು ಅಂಧನೆಂದು ರುಜುವಾತುಪಡಿಸಲು ಕೂಡ ಪರದೆಯ ಮುಂದೆಯೇ ಹೋಗಿ ನಿಲ್ಲಬೇಕು.

ಇದೆಲ್ಲ ದಿಲ್ಲಿಯ ಮಾತಾಯಿತು. ಗುಂಡ್ಲುಪೇಟೆಯಿಂದ ನೋಡಿದರೆ ವಿಷಯದ ಭಾರ ಬೇರೆ. ಇಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಸುಮಾರು 60 ಕಿಲೋಮೀಟರು. ಚಾಮರಾಜನಗರದ ಯಡಪುರದಲ್ಲಿ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ 2021ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ದಾರಿ ಸ್ವಲ್ಪ ಕಿರಿದಾಗಿದೆ. ಆದರೂ ಗಾಲಿಕುರ್ಚಿಯವನೊಬ್ಬ ಕಾಡಂಚಿನ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು, ‘ಇಂದು ವೈದ್ಯರಿಲ್ಲ’ ಎಂಬ ಮಾತು ಕೇಳಿ ಹಿಂದಿರುಗುವ ಕಷ್ಟವನ್ನು ಒಂದು ಒಳ್ಳೆಯ ಆಪ್ ತಪ್ಪಿಸಬಲ್ಲುದು. ಯಾರಿಗೆ ನಡೆಯುವುದು ಕಷ್ಟವೋ ಅವರಿಗೇ ಇದರ ಅಗತ್ಯ ಹೆಚ್ಚು. ಯಾರಿಗೆ ಅಗತ್ಯ ಹೆಚ್ಚೋ ಅವರಿಗೇ ಅದು ಒದಗದಿದ್ದರೆ ಏನು ಬಂತು?

ಕೆಲವು ಆಸ್ಪತ್ರೆಗಳಲ್ಲಿ ಚೀಟಿಗಾಗಿ ಸಾಲು ನಿಲ್ಲಬೇಕಾಗಿಲ್ಲ. ಗೋಡೆಯ ಮೇಲೆ ಅಂಟಿಸಿದ ಕ್ಯೂಆರ್ ಚೌಕವನ್ನು ಮೊಬೈಲಿಗೆ ತೋರಿಸಿದರೆ ಸರದಿಯ ಸಂಖ್ಯೆ ಬರುತ್ತದೆ. ಒಳ್ಳೆಯದೇ. ಯಾವ ಗೋಡೆ? ಎಷ್ಟು ಎತ್ತರದಲ್ಲಿ? ಸಂಖ್ಯೆ ಬಂದ ಮೇಲೆ ಅದನ್ನು ಫಲಕದ ಮೇಲೆ ಬೆಳಗಿಸಿದರೆ ಅಂಧನಿಗೆ ತಿಳಿಯದು, ಕೂಗಿದರೆ ಕಿವುಡನಿಗೆ ತಿಳಿಯದು, ಎರಡನ್ನೂ ಮಾಡಬೇಕು. ಕಿವುಡರ ಪಾಡನ್ನು ನಾವು ಇನ್ನೂ ಕಡಮೆ ಗಮನಿಸಿದ್ದೇವೆ. ‘ಹೆಚ್ಚಿನ ಮಾಹಿತಿಗೆ ಕರೆ ಮಾಡಿ’ ಎಂಬ ಒಂದೇ ವಾಕ್ಯ ಅವರ ಮುಖಕ್ಕೆ ಬಾಗಿಲು ಹಾಕುತ್ತದೆ. ವೀಡಿಯೋದಲ್ಲಿ ಕಾಣುವ ವೈದ್ಯರ ತುಟಿ ಮುಖಗವಸಿನ ಹಿಂದಿರುತ್ತದೆ. 1901ರಲ್ಲಿಯೇ ಕಿವುಡ ಮತ್ತು ಅಂಧ ಮಕ್ಕಳಿಗೆ ಶಾಲೆ ತೆರೆದ, 1965ರಲ್ಲಿ ವಾಕ್ ಶ್ರವಣ ಸಂಸ್ಥೆಯನ್ನು ಕಂಡ ಮೈಸೂರು ನಮ್ಮ ಪಕ್ಕದಲ್ಲಿಯೇ ಇದೆ. ಹೇಗೆ ಮಾಡಬೇಕೆಂದು ಕೇಳಲು ಬಹಳ ದೂರ ಹೋಗಬೇಕಾಗಿಲ್ಲ.

ಇಂಥವರು ಎಷ್ಟು ಮಂದಿಯಿದ್ದಾರು ಎಂದು ಕೇಳುವ ಸ್ನೇಹಿತರಿದ್ದಾರೆ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತ್ತು. ಆದರೆ ಆಸ್ಪತ್ರೆಯ ವಿಷಯದಲ್ಲಿ ಈ ಎಣಿಕೆ ಸಾಲದು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವನು, ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋದವಳು, ಕೈ ನಡುಗುವ ಮುದುಕ, ಇವರಾರೂ ಆ ಪಟ್ಟಿಯಲ್ಲಿಲ್ಲದಿರಬಹುದು. ಬೂದು ಹಿನ್ನೆಲೆಯ ಮೇಲೆ ತಿಳಿಬೂದಿಯ ಅಕ್ಷರ, ಸಾಸಿವೆಯಷ್ಟು ಗುಂಡಿ, ಓದಿ ಮುಗಿಸುವಷ್ಟರಲ್ಲಿ ಅವಧಿ ಮೀರುವ ಓಟಿಪಿ—ಇವು ಅವರನ್ನೂ ಹೊರಗೆ ನಿಲ್ಲಿಸುತ್ತವೆ. ಬರುವವನು ಆರೋಗ್ಯವಂತನೇ ಎಂದೆಣಿಸಿ ಆಸ್ಪತ್ರೆಗೆ ಬಾಗಿಲು ಕಟ್ಟಿದ ಹಾಗಾಯಿತು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ ನಾಲ್ಕೂವರೆ ಪಟ್ಟು ಅಂತರವಿರಬೇಕೆಂದು ಅಂತರಜಾಲದ ಮಾರ್ಗಸೂಚಿ 2008ರಿಂದ ಹೇಳುತ್ತಿದೆ. ಬಣ್ಣ ಬದಲಿಸಲು ಎಷ್ಟು ಹಣ ಬೇಕು?

ಹಣದ ಮಾತು ಬಂದಾಗ ನನಗೆ ಆ ಪ್ರಯೋಗಾಲಯದ ಸಂಗತಿಯೇ ನೆನಪಾಗುವುದು. ನನ್ನ ವಿದ್ಯಾರ್ಥಿನಿ ತಾನೇ ಪತ್ರ ಬರೆದು ಅವರನ್ನು ಕೇಳಿದಳು. ಅವರು ನಿಷ್ಠುರರಲ್ಲ, ಸಂಗತಿ ಹೊಳೆದಿರಲಿಲ್ಲ, ಅಷ್ಟೆ. ವಿಚಾರಿಸಿದರೆ, ವರದಿ ಮೊದಲು ಗಣಕದಲ್ಲಿ ಶುದ್ಧ ಅಕ್ಷರಗಳಲ್ಲಿಯೇ ಸಿದ್ಧವಾಗುತ್ತಿದ್ದಿತು. ಅದನ್ನು ಮುದ್ರಿಸಿ, ಮೊಹರು ಒತ್ತಿ, ರುಜು ಹಾಕಿ, ಮೇಜಿನ ಮೇಲಿಟ್ಟು ಫೋಟೋ ತೆಗೆದು ಕಳುಹಿಸುತ್ತಿದ್ದರು. ಮೊಹರಿಲ್ಲದಿದ್ದರೆ ವರದಿಗೆ ಬೆಲೆಯಿಲ್ಲವೆಂಬ ಭಾವನೆ. ಮೊಹರಿನ ಪ್ರತಿಯ ಜೊತೆಗೆ ಮೂಲದ ಕಡತವನ್ನೂ ಕಳುಹಿಸಿರೆಂದು ಆಕೆ ಕೇಳಿದಳು. ಒಪ್ಪಿದರು. ಖರ್ಚು ಒಂದು ಪೈಸೆಯೂ ಆಗಲಿಲ್ಲ.

ಈಗ ಆಕೆಯ ಮಗುವಿಗೆ ಏಳು ತಿಂಗಳು. ಅದರ ರಕ್ತದ ವರದಿಯನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿದೆನೆಂದು ಮೊನ್ನೆ ಹೇಳಿದಳು. ಕೋಷ್ಟಕವನ್ನು ಸರಿಯಾಗಿ ಹೆಣೆಯದಿರುವುದರಿಂದ ಪರೀಕ್ಷೆಗಳ ಹೆಸರೆಲ್ಲ ಮೊದಲು ಒಟ್ಟಿಗೆ ಬರುತ್ತವಂತೆ. ಆಮೇಲೆ ಅಂಕಿಗಳೆಲ್ಲ ಒಟ್ಟಿಗೆ. ಹೆಸರುಗಳನ್ನು ಎಡಗೈಯ ಬೆರಳುಗಳ ಮೇಲೆ ಎಣಿಸಿಟ್ಟುಕೊಂಡು, ಅಂಕಿಗಳನ್ನು ಬಲಗೈಯಲ್ಲಿ ಎಣಿಸುತ್ತ ಹೊಂದಿಸಿಕೊಳ್ಳುತ್ತಾಳೆ. ಅದನ್ನು ಕುರಿತು ಎರಡನೆಯ ಪತ್ರ ಬರೆದಿದ್ದಾಳೆ.