ಹಳೆಯ ಪ್ರೇಷಕಯಂತ್ರದ ಕಾಣದ ರೋಗ

ಸರ್ಕಾರದ ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ, ಮನೆಯಿಂದಲೇ ದೂರದೇಶದವರೊಡನೆ ರೇಡಿಯೋ ಮೂಲಕ ಸಂಭಾಷಿಸುವ ಹವ್ಯಾಸವೊಂದುಂಟು. ಅದಕ್ಕೆ ಈಗ ಅಂಗೈಯಗಲದ ಉಪಕರಣಗಳು ಬಂದಿವೆ. ಆದರೂ ವಾಲ್ವುಗಳ ಕಾಲದ ಪ್ರೇಷಕಯಂತ್ರಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಇಂದಿಗೂ ಇದ್ದಾರೆ. ಅಂಥ ಹಿರಿಯರೊಬ್ಬರ ಮನೆಯಲ್ಲಿ ನಾನು ಕಂಡ ಒಂದು ದುರಸ್ತಿಯನ್ನು ವಾಚಕರ ಮುಂದಿಡುತ್ತೇನೆ.

ಅವರದು 807 ಎಂಬ ವಾಲ್ವಿನ ಪುಟ್ಟ ಪ್ರೇಷಕ. ಸ್ವಿಚ್ಚು ಹಾಕಿದೊಡನೆ ಫ್ಯೂಸು ಸುಟ್ಟುಹೋಗುತ್ತಿತ್ತು. ಹಿಂದೆಯೂ ಹೀಗಾದಾಗ ಕಂಡೆನ್ಸರನ್ನು ಬದಲಿಸಿದ್ದರು. ಹೊಸದೂ ಹತ್ತು ದಿನಕ್ಕೇ ಹಾಳಾಯಿತೆಂದು ತೋರುತ್ತಿತ್ತು. "ದಪ್ಪ ಫ್ಯೂಸು ಹಾಕಿದರಾಗದೆ?" ಎಂದೆ. "ಫ್ಯೂಸು ಹೋಗುವುದು ಜ್ವರವಿದ್ದ ಹಾಗೆ ಕಣಪ್ಪ. ಜ್ವರಮಾಪಕವನ್ನು ಒಡೆದರೆ ರೋಗ ವಾಸಿಯಾದೀತೆ?" ಎಂದು ನಕ್ಕರು.

ಮೊದಲು ಈ ಯಂತ್ರಕ್ಕೆ ವಿದ್ಯುತ್ತು ಒದಗುವ ಬಗೆಯನ್ನು ತಿಳಿಯೋಣ. ಟ್ರಾನ್ಸ್‌ಫಾರ್ಮರು ಮನೆಯ ವಿದ್ಯುತ್ತನ್ನು ಮಧ್ಯಬಿಂದುವಿನ ಎರಡೂ ಕಡೆಗೆ 400 ವೋಲ್ಟಿಗೆ ಏರಿಸುತ್ತದೆ. 5ಯು4 ವಾಲ್ವು ಅದನ್ನು ಏಕಮುಖ ಮಾಡುತ್ತದೆ. ಅನಂತರ 12 ಹೆನ್ರಿಯ ಚೋಕ್ ಸುರುಳಿಯೂ 16 ಮೈಕ್ರೋಫ್ಯಾರಡ್ ಕಂಡೆನ್ಸರೂ ಏರಿಳಿತಗಳನ್ನು ಸಮಮಾಡುತ್ತವೆ. ಕೊನೆಗೆ ಕಂಡೆನ್ಸರಿನ ಎರಡು ತುದಿಗಳ ನಡುವೆ 10,000 ಓಮ್‌ನ ಒಂದು ರೋಧ. ಇದರ ಹೆಸರು ಬ್ಲೀಡರ್. ನೋಡುವುದಕ್ಕೆ ಇದು ವಿದ್ಯುತ್ತನ್ನು ವ್ಯರ್ಥವಾಗಿ ಶಾಖಮಾಡುವ ಸೋಮಾರಿಯಂತೆ ಕಾಣುತ್ತದೆ.

ಹಿರಿಯರು ಸ್ವಿಚ್ಚನ್ನು ನಂಬಲಿಲ್ಲ, ಪ್ಲಗ್ಗನ್ನೇ ಕಿತ್ತರು. ಒಣಕೋಲಿನ ತುದಿಗೆ ಕಟ್ಟಿದ ರೋಧದ ಮೂಲಕ ಕಂಡೆನ್ಸರನ್ನು ಬರಿದುಮಾಡಿ, ಮೀಟರಿನಲ್ಲಿ ಸೊನ್ನೆ ಕಂಡಮೇಲೆಯೇ ಕೈಯಿಟ್ಟರು. 5ಯು4 ವಾಲ್ವನ್ನು ತೆಗೆದು ಪ್ಲಗ್ಗು ಹಾಕಿದಾಗ ಫ್ಯೂಸು ಉಳಿಯಿತು, ಟ್ರಾನ್ಸ್‌ಫಾರ್ಮರು ನಿರ್ದೋಷಿಯೆಂದಾಯಿತು. ಮತ್ತೆ ಪ್ಲಗ್ಗು ಕಿತ್ತು ಓಮ್‌ಮೀಟರು ಹಿಡಿದರೆ ಕಂಡೆನ್ಸರಿನ ಎರಡು ತುದಿಗಳ ನಡುವೆ ರೋಧವೇ ಇಲ್ಲ. ಕಂಡೆನ್ಸರು ಒಳಗೆ ಕೂಡಿಕೊಂಡಿತ್ತು.

ನಾನಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಅವರು ಕಂಡೆನ್ಸರಿನ ಒಂದು ತಂತಿಯನ್ನು ಬಿಡಿಸಿ ಮತ್ತೆ ಅಳೆದರು. ಈಗ ಬ್ಲೀಡರಿನ 10,000 ಓಮ್ ಕಾಣಬೇಕಿತ್ತು. ಮುಳ್ಳು ಅಲುಗಲೇ ಇಲ್ಲ. ಬ್ಲೀಡರು ತುಂಡಾಗಿತ್ತು!

ರೋಗದ ಮೂಲ ಇದೇ. ಚೋಕ್ ಮೊದಲು ಬರುವ ಈ ರಚನೆಯಲ್ಲಿ ಒಂದಿಷ್ಟು ಪ್ರವಾಹ ಸದಾ ಹರಿಯುತ್ತಿದ್ದರೆ ಮಾತ್ರ ವೋಲ್ಟೇಜು ಸರಾಸರಿಯ ಮಟ್ಟದಲ್ಲಿ, ಅಂದರೆ 400ರ ಹತ್ತರಲ್ಲಿ ಒಂಬತ್ತು ಪಾಲು, ಸುಮಾರು 360ರಲ್ಲಿ ನಿಲ್ಲುತ್ತದೆ. ಆ ಕನಿಷ್ಠ ಪ್ರವಾಹವನ್ನು, ಇಲ್ಲಿ 36 ಮಿಲಿಆಂಪಿಯರನ್ನು, ಎಳೆಯುವುದು ಬ್ಲೀಡರಿನ ಕೆಲಸ. ಅದು ತುಂಡಾದರೆ, ಮೋರ್ಸ್ ಕೀಲಿಯನ್ನು ಎತ್ತಿದಾಗಲೆಲ್ಲ ವೋಲ್ಟೇಜು ಅಲೆಯ ಶಿಖರಕ್ಕೆ, ಸುಮಾರು 566ಕ್ಕೆ, ಏರುತ್ತದೆ. 450 ವೋಲ್ಟಿನ ಕಂಡೆನ್ಸರು ಅದನ್ನು ಎಷ್ಟು ದಿನ ತಾಳೀತು?

ಬ್ಲೀಡರಿಗೆ ಇನ್ನೊಂದು ಕರ್ತವ್ಯವೂ ಉಂಟು. ಯಂತ್ರ ನಿಂತಮೇಲೆ ಕಂಡೆನ್ಸರನ್ನು ಒಂದೇ ಸೆಕೆಂಡಿನಲ್ಲಿ ಬರಿದುಮಾಡುವುದೂ ಅದೇ. ಅದಿಲ್ಲದಿದ್ದರೆ, ಪ್ಲಗ್ಗು ಕಿತ್ತ ಬಹುಹೊತ್ತಿನ ಮೇಲೂ ಕಂಡೆನ್ಸರಿನಲ್ಲಿ ಪ್ರಾಣ ತೆಗೆಯಬಲ್ಲ ವಿದ್ಯುತ್ತು ಉಳಿದಿರಬಹುದು. ಆ ಹತ್ತು ದಿನವೂ ಯಂತ್ರ ಚೆನ್ನಾಗಿಯೇ ಮಾತನಾಡುತ್ತಿತ್ತು. ಹಿರಿಯರು ಒಂದು ಕ್ಷಣ ಸುಮ್ಮನಿದ್ದು, "ಆ ದಿನಗಳಲ್ಲಿ ಒಮ್ಮೆಯಾದರೂ ಅಜಾಗರೂಕನಾಗಿ ಒಳಗೆ ಕೈಯಿಟ್ಟಿದ್ದರೆ, ಇಂದು ನಿನಗೆ ಪಾಠ ಹೇಳಲು ನಾನಿರುತ್ತಿರಲಿಲ್ಲ" ಎಂದರು.

25 ವಾಟ್ ತಾಳುವ ಹೊಸ ಬ್ಲೀಡರು ಬಂತು. ಒಂದು ಕಂಡೆನ್ಸರಿನ ಬದಲು 450 ವೋಲ್ಟ್, 32 ಮೈಕ್ರೋಫ್ಯಾರಡಿನ ಎರಡನ್ನು ಸರಣಿಯಲ್ಲಿ ಜೋಡಿಸಿದರು. ಒಟ್ಟು ಬೆಲೆ ಅದೇ 16, ತಾಳುವ ಶಕ್ತಿ 900 ವೋಲ್ಟ್. ಹೊರೆ ಸಮನಾಗಿ ಹಂಚಿಕೆಯಾಗಲೆಂದು ಒಂದೊಂದರ ಮೇಲೂ ಒಂದು ಲಕ್ಷ ಓಮ್‌ನ ರೋಧವನ್ನಿಟ್ಟರು. ಬ್ಲೀಡರು ಮತ್ತೆ ಕೈಕೊಟ್ಟರೂ ಇವು ನಿಧಾನವಾಗಿಯಾದರೂ ಕಂಡೆನ್ಸರುಗಳನ್ನು ಬರಿದುಮಾಡುವುವು.

ಮಿತ್ರರೇ, ಹಳೆಯ ಯಂತ್ರವನ್ನು ಬಿಚ್ಚುವ ಕುತೂಹಲ ಒಳ್ಳೆಯದೇ. ಆದರೆ ಒಬ್ಬರೇ ಇದ್ದಾಗ ಬಿಚ್ಚಬೇಡಿ. ಪ್ಲಗ್ಗು ಕಿತ್ತು, ಬರಿದುಮಾಡಿ, ಅಳೆದು ನೋಡಿ ಮುಟ್ಟಿ. ಕೆಟ್ಟದ್ದನ್ನು ಬದಲಿಸಿದಮೇಲೆ, ಅದು ಏಕೆ ಕೆಟ್ಟಿತೆಂಬ ಪ್ರಶ್ನೆಗೆ ಉತ್ತರ ಸಿಗುವತನಕ ಮುಚ್ಚಳ ಹಾಕಬೇಡಿ.