ಪೆಡಲ್ ಒತ್ತಿದರೂ ಕಾರು ಓಡದಿದ್ದರೆ

ಉಪ್ಪಿನಂಗಡಿಯಲ್ಲಿ ಮದುವೆ ಮುಗಿಸಿ ಬರುವಾಗ ಕಲ್ಲಡ್ಕದ ಹತ್ತಿರ ನಮ್ಮ ಕಾರು ಹಟ ಹಿಡಿಯಿತು. ಇಂಜಿನ್ ಚಾಲೂ ಇದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಆಮೆ ನಡಿಗೆ. ಒಳಗೆ ಮಕ್ಕಳ ಅಳು, ಹಿಂದೆ ಟ್ಯಾಂಕರ್‌ಗಳ ಹಾರ್ನ್.

ಹಳೆ ಕಾರುಗಳಲ್ಲಿ ಪೆಡಲಿನಿಂದ ಇಂಜಿನ್‌ಗೆ ಕೇಬಲ್ ಇತ್ತು. ಈಗ ಬರೀ ವಯರು. ಕಾಲು ಎಷ್ಟು ಒತ್ತಿದೆಯೆಂದು ಪೆಡಲಿನ ಎರಡು ಸೆನ್ಸರ್‌ಗಳು ಕಂಪ್ಯೂಟರಿಗೆ ತಿಳಿಸುತ್ತವೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಅದು ವೇಗವನ್ನೇ ಕಟ್ಟಿಹಾಕುತ್ತದೆ. ಕಾರು ತಾನಾಗಿ ನುಗ್ಗದಿರಲಿ ಎಂದೇ ಈ ಏರ್ಪಾಡು.

ಮೊದಲ ಗ್ಯಾರೇಜಿನವರು ಬಾನೆಟ್ ಎತ್ತಿ, "ಥ್ರಾಟಲ್ ಬಾಡಿ ಹೋಗಿದೆ, ಹೊಸದೇ ಹಾಕ್ಬೇಕು" ಅಂದರು. ಸ್ಕ್ಯಾನರ್ ಹಾಕಿಯೇ ಇರಲಿಲ್ಲ! ಇನ್ನೊಬ್ಬರು ಹಾಕಿದಾಗ ಬಂದದ್ದು ಪಿ2138. ಸಾಮಾನ್ಯವಾಗಿ ಇದು ಪೆಡಲ್ ಸೆನ್ಸರ್‌ನ ದೂರು. ಪಿ2135 ಆದರೆ ಥ್ರಾಟಲ್ ಬಾಡಿಯ ಕಡೆ ನೋಡಬೇಕು. ಪೆಡಲಿನ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳಲ್ಲಿ ಹಸಿರು ಕಿಲುಬು. ಮಳೆಗಾಲವಿಡೀ ಒದ್ದೆ ಚಪ್ಪಲಿಯಲ್ಲೇ ಓಡಿಸಿದವರು ನಾವೇ ತಾನೆ! ಸ್ಪ್ರೇ ಹೊಡೆದು ಒರೆಸಿ, ಒಣಗಿಸಿ ಜೋಡಿಸಿದರು, ಸರಿಹೋಯಿತು.

ದಾರಿಯಲ್ಲಿ ಹೀಗಾದರೆ ಬದಿಗೆ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕಿ. ಪೆಡಲಿನಡಿ ಮ್ಯಾಟ್ ಸಿಕ್ಕಿದೆಯಾ ನೋಡಿ. ಇಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತಿನ ನಂತರ ಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಓಡೀತು. ಹಾಗಂತ ಸುಮ್ಮನಾಗಬೇಡಿ. ಬ್ಯಾಟರಿ ಬಲ ಕುಂದಿದರೂ, ಇಲಿ ವಯರು ಕಡಿದರೂ ಇದೇ ತೊಂದರೆ ಬರಬಹುದು. ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ದೂಡಬೇಡಿ, ಒಳಗಿನ ಹಲ್ಲುಗಳು ಮುರಿದಾವು. ಗ್ಯಾರೇಜಿನಲ್ಲಿ ಕೋಡ್ ಅಳಿಸುವ ಮೊದಲು ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.