ಊರಿಗೆಲ್ಲ ಗೊತ್ತು, ಕೋರ್ಟಿಗೆ ಗೊತ್ತಾಗಬೇಕಲ್ಲ!
ಸಾದಾ ಹಲ್ಲೆ ಪ್ರಕರಣ: ತಪ್ಪು ಕಲ್ಪನೆ ಮತ್ತು ಸತ್ಯ

ಸಿದ್ದಾಪುರ ತಾಲೂಕಿನ ಹೇರೂರಿನಂಥ ಊರಲ್ಲಿ ಹೊಡೆದಾಟ ಗುಟ್ಟಾಗಿ ಉಳಿಯುವುದಿಲ್ಲ. ಬೆಳಿಗ್ಗೆ ತೋಟದ ಅಗಳದ ಹತ್ತಿರ ಇಬ್ಬರು ಕೈಕೈ ಮಿಲಾಯಿಸಿದರೆ, ಮೊದಲು ಕೈಯೆತ್ತಿದವರು ಯಾರೆಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಅದೇ ಪ್ರಕರಣ ಮುಂದೊಂದು ದಿನ ಸಿದ್ದಾಪುರದ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಖುಲಾಸೆಯಾದರೆ ಊರವರಿಗೆ ಆಶ್ಚರ್ಯ. ನ್ಯಾಯಾಧೀಶರು ನೋಡುವುದು ತಮ್ಮ ಮುಂದೆ ಪ್ರಮಾಣ ಮಾಡಿ ಹೇಳಿದ್ದನ್ನು, ಪಾಟೀಸವಾಲಿನಲ್ಲಿ ಉಳಿದದ್ದನ್ನು. ಆರೋಪವನ್ನು ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಸರ್ಕಾರದ ಪರವಾಗಿ ಕೇಸು ನಡೆಸುವವರದ್ದು. ಕೊಲೆ ಕೇಸಿಗಿರುವ ಈ ಅಳತೆಯೇ ಕೆನ್ನೆಗೆ ಬಿದ್ದ ಏಟಿಗೂ ಇದೆ.

ತಪ್ಪು ಕಲ್ಪನೆ: ಹೊಡೆದರೆಂದು ದೂರು ಕೊಟ್ಟ ಕೂಡಲೇ ಪೊಲೀಸರು ಎಫ್‌ಐಆರ್ ಹಾಕಿ ಹಿಡಿದೊಯ್ಯಬೇಕು.

ಸತ್ಯ: 2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಸಾದಾ ಗಾಯದ ಹಳೆಯ ಐಪಿಸಿ 323 ಈಗ ಅದರ ಕಲಂ 115(2). ಶಿಕ್ಷೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಜಾಮೀನು ಸಿಗುವ, ಅಸಂಜ್ಞೇಯ ಅಪರಾಧ. ಠಾಣೆಯವರು ದೂರಿನ ಸಾರಾಂಶ ಬರೆದುಕೊಂಡು ಪಿರ್ಯಾದಿಯನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು. ಅವರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಆ ಆದೇಶವೂ ಅರ್ಜಿಯ ಮೂಲೆಯಲ್ಲಿ ‘ಅನುಮತಿಸಿದೆ’ ಎಂದು ಗೀಚಿದರೆ ಸಾಲದು, ವಿವೇಚನೆಯಿಂದ ಬರೆದಿರಬೇಕು ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿದೆ. ಮ್ಯಾಜಿಸ್ಟ್ರೇಟರ ಮುಂದೆ ನೇರವಾಗಿ ಖಾಸಗಿ ದೂರು ಸಲ್ಲಿಸುವ ದಾರಿಯೂ ಇದೆ.

ಕತ್ತಿಯಿಂದ ಗಾಯ ಮಾಡಿದ್ದರೆ ಲೆಕ್ಕ ಬೇರೆ. ಅದು ಕಲಂ 118(1), ಶಿಕ್ಷೆ ಮೂರು ವರ್ಷದವರೆಗೆ. ಅಲ್ಲಿ ಪೊಲೀಸರು ಯಾರ ಅನುಮತಿಗೂ ಕಾಯಬೇಕಿಲ್ಲ. ಮೂಳೆ ಮುರಿದರೆ, ಹಲ್ಲು ಉದುರಿದರೆ ಅದು ಸಾದಾ ಗಾಯವಲ್ಲ, ತೀವ್ರ ಗಾಯ.

ತಪ್ಪು ಕಲ್ಪನೆ: ರಕ್ತ ಬರದಿದ್ದರೆ ಕೇಸು ನಿಲ್ಲುವುದಿಲ್ಲ.

ಸತ್ಯ: ಕಾನೂನಿನ ಪ್ರಕಾರ ದೇಹಕ್ಕೆ ನೋವಾದರೂ ಅದು ‘ಗಾಯ’ವೇ. ಕೆನ್ನೆಗೆ ಹೊಡೆದದ್ದು, ಜುಟ್ಟು ಹಿಡಿದು ಎಳೆದದ್ದು ಗುರುತು ಉಳಿಸದಿರಬಹುದು, ಅಪರಾಧವಾಗಬಲ್ಲದು. ಐಪಿಸಿ 323ರಡಿ ಶಿಕ್ಷೆಯಾಗಲು ಗಾಯದ ವರದಿ ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಲಕ್ಷ್ಮಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಹಾಗೆಂದು ಆಸ್ಪತ್ರೆಗೆ ಹೋಗದೇ ಇರುವುದು ಜಾಣತನವಲ್ಲ. ವರದಿಯಿಲ್ಲದಿದ್ದರೆ ಕೇಸಿನ ಪೂರ್ತಿ ಭಾರ ಮಾತಿನ ಮೇಲೆ ಬೀಳುತ್ತದೆ.

ತಪ್ಪು ಕಲ್ಪನೆ: ವೂಂಡ್ ಸರ್ಟಿಫಿಕೇಟ್ ಕೈಯಲ್ಲಿದ್ದರೆ ಕೇಸು ಗೆದ್ದಂತೆ.

ಸತ್ಯ: ಆ ಕಾಗದ ಗಾಯವಿತ್ತೆಂದು ಹೇಳುತ್ತದೆಯೇ ಹೊರತು ಮಾಡಿದವರು ಯಾರೆಂದು ಹೇಳುವುದಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣವಾಗಬಲ್ಲ ಗಾಯದ ದಾಖಲಾತಿ) ಮಾಡುವಾಗ ವೈದ್ಯರು ಏನೇನು ಬರೆಯುತ್ತಾರೆ ನೋಡಿ: ಬಂದ ಹೊತ್ತು, ಕರೆತಂದವರು, ಯಾರು ಯಾವುದರಿಂದ ಹೊಡೆದರೆಂದು ಗಾಯಾಳು ಹೇಳಿದ್ದು, ಆಮೇಲೆ ‘ಬಲ ಮೊಣಕೈ ಕೆಳಗೆ ತರಚು ಗಾಯ, ಇಷ್ಟು ಸೆಂಟಿಮೀಟರ್, ಹೊಸದು, ಸಾದಾ ಸ್ವರೂಪದ್ದು’. ಅಕ್ಕಪಕ್ಕದ ಮನೆಯ ವಿಷಯ ಎಂಬ ಸಂಕೋಚಕ್ಕೆ ‘ದರೆಯಿಂದ ಜಾರಿ ಬಿದ್ದೆ’ ಎಂದುಬಿಟ್ಟರೆ ಆ ಒಂದು ಸಾಲು ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆಯಾಗುತ್ತದೆ. ‘ಈ ಗಾಯ ಬಿದ್ದರೂ ಆಗಬಹುದೇ?’ ಎಂದು ಆರೋಪಿಯ ವಕೀಲರು ಕೇಳುತ್ತಾರೆ. ತರಚು ಗಾಯಕ್ಕೆ ವೈದ್ಯರು ‘ಆಗಬಹುದು’ ಎನ್ನಬೇಕಾಗುತ್ತದೆ. ಹೊಡೆದದ್ದೆಂದು ತೋರಿಸುವ ಕೆಲಸ ಮತ್ತೆ ಗಾಯಾಳುವಿನ ಬಾಯಿಗೇ ಬರುತ್ತದೆ.

ತಪ್ಪು ಕಲ್ಪನೆ: ಇಬ್ಬರು ಮೂವರು ಸಾಕ್ಷಿ ಬೇಕೇ ಬೇಕು, ಮನೆಯವರ ಸಾಕ್ಷಿ ನಡೆಯುವುದಿಲ್ಲ.

ಸತ್ಯ: ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಕಾನೂನು ಹೇಳಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 139ರಲ್ಲಿ ಅದು ಸ್ಪಷ್ಟವಿದೆ. ಸಾಕ್ಷಿಗಳ ತಲೆ ಎಣಿಸುವುದಲ್ಲ, ಮಾತಿನ ತೂಕ ನೋಡುವುದು ಎಂಬ ತತ್ವವನ್ನು 1957ರ ವಡಿವೇಲು ತೇವರ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಪೆಟ್ಟು ತಿಂದವನು ಸ್ಥಳದಲ್ಲಿದ್ದ ಎಂಬುದಕ್ಕೆ ಅವನ ಗಾಯವೇ ಆಧಾರ, ಆದ್ದರಿಂದ ಅವನ ಮಾತಿಗೆ ಹೆಚ್ಚಿನ ಬೆಲೆ. ಹೆಂಡತಿ, ಅಣ್ಣ, ಮಗ ಎಂಬ ಕಾರಣಕ್ಕೇ ಸಾಕ್ಷ್ಯ ತಳ್ಳಿಹಾಕುವಂತಿಲ್ಲ. ಒಂಟಿಮನೆಯ ತೋಟದಲ್ಲಿ ಬೇರೆ ಯಾರು ಇರುತ್ತಾರೆ? ನಂಬಿಕೆ ಕೆಡುವುದು ನೆಂಟಸ್ತನದಿಂದಲ್ಲ, ನೋಡದವನನ್ನು ನೋಡಿದವನೆಂದು ನಿಲ್ಲಿಸಿದಾಗ. ಆ ದಿನ ಶಿರಸಿ ಪೇಟೆಗೆ ಹೋಗಿದ್ದ ಭಾವನನ್ನು ಸಾಕ್ಷಿಪಟ್ಟಿಗೆ ಸೇರಿಸಿದರೆ, ಅವನ ಜೊತೆಗೆ ನಿಜವಾಗಿ ನೋಡಿದವರ ಮಾತೂ ಸಡಿಲವಾಗುತ್ತದೆ.

ತಪ್ಪು ಕಲ್ಪನೆ: ಸಾಕ್ಷಿ ಉಲ್ಟಾ ಹೊಡೆದರೆ ಅಲ್ಲಿಗೆ ಮುಗಿಯಿತು.

ಸತ್ಯ: ದಿನಾ ಮುಖ ನೋಡುವ ಊರಲ್ಲಿ ‘ನನಗೆ ಗೊತ್ತಿಲ್ಲ, ನಾ ನೋಡಲಿಲ್ಲ’ ಎನ್ನುವವರು ಹೆಚ್ಚು. ಮಹಜರಿಗೆ ಸಹಿ ಹಾಕಿದ ಪಂಚರು ‘ಠಾಣೆಯಲ್ಲಿ ಸಹಿ ಮಾಡಿದೆ’ ಎನ್ನುವುದೂ ಉಂಟು. ಪ್ರತಿಕೂಲ ಸಾಕ್ಷಿಯ ಮಾತನ್ನು ಕೋರ್ಟು ಪೂರ್ತಿ ಅಳಿಸಿಹಾಕುವುದಿಲ್ಲ, ನಂಬಲರ್ಹವಾದಷ್ಟು ಭಾಗವನ್ನು ತೆಗೆದುಕೊಳ್ಳಬಹುದು. ‘ಗಲಾಟೆ ಆಗಿದ್ದು ಹೌದು, ಯಾರು ಹೊಡೆದರು ನೋಡಲಿಲ್ಲ’ ಎಂದವನು ಸ್ಥಳವನ್ನೂ ಹೊತ್ತನ್ನೂ ಒಪ್ಪಿದಂತೆಯೇ. ಗಾಯಾಳುವಿನ ಮಾತು ಗಟ್ಟಿಯಿದ್ದರೆ ಅಷ್ಟರಿಂದಲೂ ಶಿಕ್ಷೆಯಾಗಬಹುದು.

ತಪ್ಪು ಕಲ್ಪನೆ: ದೂರು ಜೋರಾಗಿ ಬರೆಸಿದಷ್ಟೂ ಕೇಸು ಗಟ್ಟಿ.

ಸತ್ಯ: ಹೆಚ್ಚು ಕೇಸು ಬೀಳುವುದು ಇಲ್ಲೇ. ದೂರಿನ ಮಾಮೂಲಿ ಧಾಟಿ ಎಲ್ಲರಿಗೂ ಪರಿಚಿತ: ‘ಅಡ್ಡಗಟ್ಟಿ ತಡೆದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿದರು.’ ಇದರಲ್ಲಿ ‘ಅಡ್ಡಗಟ್ಟಿ’ ಸುಮ್ಮನೆ ಬಂದದ್ದಲ್ಲ. ಅಕ್ರಮವಾಗಿ ತಡೆಯುವುದು, ಅಂದರೆ ಕಲಂ 126(2), ಸಂಜ್ಞೇಯ ಅಪರಾಧ. ಅದೊಂದು ಸೇರಿದರೆ ಇಡೀ ಪ್ರಕರಣ ಸಂಜ್ಞೇಯವಾಗಿ ಪೊಲೀಸರು ನೇರವಾಗಿ ತನಿಖೆಗಿಳಿಯಬಹುದು. ನಿಜವಾಗಿ ದಾರಿ ತಡೆದಿದ್ದರೆ ಬರೆಸಲೇಬೇಕು. ತಡೆಯದೆ ಬರೆಸಿದರೆ ‘ಯಾವ ಕಡೆ ಹೊರಟಿದ್ದಿರಿ, ಎಲ್ಲಿ ತಡೆದರು?’ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಎಫ್‌ಐಆರ್ ತಾನಾಗಿಯೇ ಪುರಾವೆಯೂ ಅಲ್ಲ. ಕಟಕಟೆಯಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆಯಿದೆಯೇ ಎಂದು ನೋಡಲು ಅದು ಬಳಕೆಯಾಗುತ್ತದೆ. ದೂರಿನಲ್ಲಿ ಒಂದು ಏಟು, ಪೊಲೀಸ್ ಹೇಳಿಕೆಯಲ್ಲಿ ದೋಟಿಯ ಹೊಡೆತ, ಕೋರ್ಟಿನಲ್ಲಿ ಕತ್ತಿ ಎಂದಾದರೆ ಆ ಒಂದು ಏಟೂ ಸಂಶಯಕ್ಕೆ ಬೀಳುತ್ತದೆ.

ತಪ್ಪು ಕಲ್ಪನೆ: ಮೊಬೈಲಿನಲ್ಲಿ ವಿಡಿಯೋ ಇದೆ, ಇನ್ನೇನೂ ಬೇಡ.

ಸತ್ಯ: ಪೆನ್‌ಡ್ರೈವಿಗೆ ಹಾಕಿಕೊಟ್ಟ ಪ್ರತಿಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಹೊಸ ನಮೂನೆಯಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ತುಣುಕಿಗೆ ಈ ಪತ್ರ ಕೊಡುವವರು ಸಿಗುವುದಿಲ್ಲ. ಚಿತ್ರೀಕರಿಸಿದವರು ಯಾರೋ ಅವರ ಫೋನಿನಲ್ಲಿ ಮೂಲ ಕಡತ ಅಳಿಸದೇ ಉಳಿಯಬೇಕು, ಅವರು ಸಾಕ್ಷಿ ಹೇಳಲು ಬರಬೇಕು.

ತಪ್ಪು ಕಲ್ಪನೆ: ಅವರೂ ಪ್ರತಿದೂರು ಕೊಟ್ಟಿದ್ದಾರೆ, ಎರಡೂ ವಜಾ ಆಗುತ್ತವೆ.

ಸತ್ಯ: ಗಡಿ ಜಗಳ, ನೀರಿನ ಜಗಳದಲ್ಲಿ ಕೇಸಿಗೆ ಪ್ರತಿಕೇಸು ಬರುವುದು ಮಾಮೂಲು. ಅಂಥ ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದರಂತೆ ವಿಚಾರಿಸಿ, ಬೇರೆ ಬೇರೆ ತೀರ್ಪು ಕೊಡಬೇಕೆಂಬುದು ಸುಪ್ರೀಂ ಕೋರ್ಟ್ 1990ರಲ್ಲಿ ಹಾಕಿಕೊಟ್ಟ ಕ್ರಮ. ಒಂದರ ಸಾಕ್ಷ್ಯ ಇನ್ನೊಂದಕ್ಕೆ ಬೆರೆಸುವಂತಿಲ್ಲ. ಆತ್ಮರಕ್ಷಣೆಗೆ ಕೈಯೆತ್ತಿದೆ ಎಂಬ ವಾದ ಆರೋಪಿಗಿದೆ. ಆರೋಪಿಯ ಮೈಮೇಲೂ ಗಾಯವಿದ್ದು, ಪಿರ್ಯಾದಿ ಅದರ ಸುದ್ದಿಯನ್ನೇ ಎತ್ತದಿದ್ದರೆ ಅವನ ಕಥೆ ಅರ್ಧ ಎಂದು ನ್ಯಾಯಾಧೀಶರಿಗೆ ಅನ್ನಿಸುತ್ತದೆ. ತಳ್ಳಾಟದಲ್ಲಿ ತಾನೂ ತಳ್ಳಿದ್ದನ್ನು ಒಪ್ಪಿಕೊಂಡವನ ಮಾತೇ ಹೆಚ್ಚು ನಿಲ್ಲುತ್ತದೆ.

ತಪ್ಪು ಕಲ್ಪನೆ: ಠಾಣೆಯಲ್ಲಿ ರಾಜಿ ಬರೆದುಕೊಟ್ಟರೆ ಕೇಸು ಮುಕ್ತಾಯ, ಖುಲಾಸೆಯಾಯಿತೆಂದರೆ ದೂರು ಸುಳ್ಳು.

ಸತ್ಯ: ಕೇಸು ಕೋರ್ಟಿಗೆ ಬಂದ ಮೇಲೆ ರಾಜಿಯೂ ಕೋರ್ಟಿನ ಮುಂದೆಯೇ ಆಗಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರಂತೆ ಸಾದಾ ಗಾಯದ ಪ್ರಕರಣದಲ್ಲಿ ರಾಜಿ ಮಾಡಿಕೊಳ್ಳುವ ಹಕ್ಕು ಗಾಯಗೊಂಡವನಿಗೇ, ಊರ ಹಿರಿಯರಿಗಲ್ಲ. ಲೋಕ ಅದಾಲತ್‌ನಲ್ಲೂ ಇದು ಇತ್ಯರ್ಥವಾಗುತ್ತದೆ. ರಾಜಿಯಾದರೆ ಆರೋಪಿಗೆ ಖುಲಾಸೆ. ವಿಚಾರಣೆ ನಡೆದು ಸಂಶಯದ ಲಾಭದಲ್ಲಿ ಬಿಡುಗಡೆಯಾದರೆ ಅದರರ್ಥ ಸಾಬೀತಾಗಲಿಲ್ಲ ಎಂದಷ್ಟೇ, ಪಿರ್ಯಾದಿ ಸುಳ್ಳ ಎಂದಲ್ಲ. ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವ ಹಕ್ಕು ಸಂತ್ರಸ್ತನಿಗೂ ಇದೆ.

ರಾಜಿ ಮಾತುಕತೆಗೆ ಕೂತವರು ಒಂದು ಲೆಕ್ಕ ಮರೆಯಬಾರದು. ಒಂದು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ನ್ಯಾಯಾಲಯದ ಬಾಗಿಲು ತಟ್ಟಲು ಇರುವ ಅವಧಿಯೂ ಒಂದೇ ವರ್ಷ. ‘ಕೊನೆ ಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ’ ಎನ್ನುತ್ತ ಮುಂದೂಡಿದರೆ, ಆಮೇಲೆ ವಿಳಂಬಕ್ಕೆ ಸರಿಯಾದ ಕಾರಣ ಕೊಡಬೇಕಾದವರು ಪೆಟ್ಟು ತಿಂದವರೇ.